ತೊಲೆಯ ಹೊಟ್ಟೆ, ತೊಲೆಯ ಬೆನ್ನು

ಕೆಂಪು ಗೆರೆಯನ್ನು ತೊಲೆಯ ಹೊಟ್ಟೆಗೆ ಎಳೆದೆನೋ, ಬೆನ್ನಿಗೆ ಎಳೆದೆನೋ? ಹಲ್ಲುಜ್ಜುವಾಗ ತಲೆಗೆ ಹೊಕ್ಕ ಈ ಪ್ರಶ್ನೆ ಮಗಳಿಗೆ ಹಾಲು ಕುಡಿಸುವಾಗಲೂ ಹೋಗಲಿಲ್ಲ, ಬಟ್ಟೆ ಒಣಹಾಕುವಾಗಲೂ ಹೋಗಲಿಲ್ಲ. ಕೊನೆಗೆ ಅವಳು ಅತ್ತೆಯ ಸೀರೆಯನ್ನು ಹಿಂಡದೆಯೇ ಹಗ್ಗಕ್ಕೆ ಹಾಕಿ ಕಾಲೆಲ್ಲ ನೆನೆಸಿಕೊಂಡಳು.

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಂಟಮ್ಮ ಎನ್ನುತ್ತಾರೆ. ಓದಿದ್ದು ಎಂಜಿನಿಯರಿಂಗ್, ದಿನವಿಡೀ ಕಲಸುವುದು ಅಂಟು. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಅದುಮಿ, ದೊಡ್ಡ ದೊಡ್ಡ ತೊಲೆ ಮಾಡುವ ಜಾಗ ಅದು. ಭಾರ ಬಿದ್ದಾಗ ತೊಲೆಯ ಬೆನ್ನು ಒತ್ತಿಕೊಳ್ಳುತ್ತದೆ, ಹೊಟ್ಟೆ ಎಳೆದುಕೊಳ್ಳುತ್ತದೆ. ಮರ ಬಾಯಿಬಿಡುವುದು ಹೊಟ್ಟೆಯ ಕಡೆಯಿಂದ. ಹಾಗಾಗಿ ಹೊಟ್ಟೆಗೆ ಕಾರ್ಬನ್ ನಾರಿನ ಕಪ್ಪು ಪಟ್ಟಿಯನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ ಕೂರಿಸುವುದು ಅವಳ ಕೆಲಸ. ಸೊಂಟಕ್ಕೆ ಬೆಲ್ಟು ಕಟ್ಟಿದ ಹಾಗೆ ಎಂದು ಒಮ್ಮೆ ಅತ್ತೆಗೆ ವಿವರಿಸಿದ್ದಳು.

"ಹಾಗಾದ್ರೆ ನನಗೂ ಒಂದು ತುಂಡು ತಂದು ಅಂಟಿಸಮ್ಮ, ಮೆಟ್ಟಿಲು ಹತ್ತೋಕೆ ಆಗ್ತಿಲ್ಲ" ಎಂದಿದ್ದರು ಅತ್ತೆ.

ಕಪ್ಪು ಪಟ್ಟಿ ಕಂಡರೆ ಅಂದ ಕೆಡುತ್ತದೆಂದು ಅದರ ಮೇಲೂ ಒಂದು ಹಲಗೆ ಮುಚ್ಚುತ್ತಾರೆ, ತುದಿಗಳಿಗೆ ಕಬ್ಬಿಣದ ಟೊಪ್ಪಿ ತೊಡಿಸುತ್ತಾರೆ. ಆಮೇಲೆ ಹೊಟ್ಟೆ ಯಾವುದು, ಬೆನ್ನು ಯಾವುದು ಎಂದು ಹೆತ್ತವರಿಗೂ ಗೊತ್ತಾಗುವುದಿಲ್ಲ. ಗುರುತಿಗೆ ಇರುವುದು ಆ ಕೆಂಪು ಗೆರೆಯೊಂದೇ, ಗೆರೆಯ ಮಗ್ಗುಲು ಕೆಳಕ್ಕೆ ಬರುವಂತೆ ತೊಲೆ ಏರಿಸುತ್ತಾರೆ. ತೊಲೆ ಇನ್ನೂ ಅಂಗಾತ ಮಲಗಿರುವಾಗಲೇ, ಮೇಲೆ ಕಾಣುವ ಹೊಟ್ಟೆಯ ಮೇಲೆ ಅದನ್ನು ಅವಳು ಎಳೆಯಬೇಕು. ನಂತರ ತೊಲೆಯನ್ನು ಬೋರಲು ಮಾಡಿ ಎರಡು ದಿಮ್ಮಿಗಳ ಮೇಲಿಟ್ಟು ಕಾರ್ಖಾನೆಯವರೆಲ್ಲ ಹತ್ತಿ ಕುಣಿಯಬೇಕು. ಅದು ಅಲ್ಲಿನ ಪರೀಕ್ಷೆ. ಮಾಲೀಕರಿಂದ ಹಿಡಿದು ಕಸ ಗುಡಿಸುವವರವರೆಗೆ ಯಾರಿಗೂ ವಿನಾಯಿತಿ ಇಲ್ಲ. ಕೆಳಗೆ ಕಟ್ಟಿದ ದಾರವನ್ನು ತೊಲೆ ಮುಟ್ಟದಿದ್ದರೆ ಪಾಸು.

ಆದರೆ ಅಷ್ಟು ಕುಣಿತಕ್ಕೆ ತೊಲೆ ಹೇಗೆ ಮಲಗಿದ್ದರೂ ಒಂದೇ ಸಮ ಬಾಗುತ್ತದೆ. ವ್ಯತ್ಯಾಸ ತಿಳಿಯುವುದು ಹೊರಲಾರದ ಭಾರ ಬಿದ್ದ ದಿನವೇ. ಈ ತೊಲೆ ಹೋಗುವುದು ಈಜುಕೊಳವೊಂದರ ಚಾವಣಿಗೆ. ಆ ದಿನ ಕೆಳಗೆ ಈಜು ಕಲಿಯುವ ಮಕ್ಕಳಿದ್ದರೆ?

ನಿನ್ನೆ ಕುಂಚ ಅದ್ದಿದ್ದಳಷ್ಟೇ, ಅತ್ತೆಯ ಫೋನು ಬಂತು. "ಗಾಬರಿ ಆಗ್ಬೇಡ. ನಿನ್ನ ಮಗಳು ಮೂಗಿಗೆ ಮಣಿ ತುರುಕಿಕೊಂಡಿದ್ದಾಳೆ." ಗಾಬರಿಯಾಗಲು ಅಷ್ಟು ಸಾಕಿತ್ತು. ಹೊರಗೆ ಓಡಿ, ಅತ್ತು, ಡಾಕ್ಟರಿಗೆ ಫೋನು ಹಚ್ಚುವಷ್ಟರಲ್ಲಿ ಮಗಳು ಸೀನಿದಳಂತೆ, ಮಣಿ ಹಾರಿ ಗೋಡೆಗೆ ಬಡಿಯಿತಂತೆ. ಒಳಗೆ ಬಂದರೆ ಎಲ್ಲರೂ ತೊಲೆಯ ಮೇಲೆ. ಅವಳನ್ನೂ ಎಳೆದುಕೊಂಡರು. ಮಣಿ ಹೊರಬಂದ ಸಂತೋಷಕ್ಕೆ ಅವಳು ಕುಣಿದ ಕುಣಿತಕ್ಕೆ ಮಾಲೀಕರೇ ಹೆದರಿ ಕೆಳಗಿಳಿದರು. ಕುಂಚ ಕೈಯಲ್ಲೇ ಇತ್ತು. ಗೆರೆ ಎಳೆದದ್ದೂ ನೆನಪಿದೆ. ಆದರೆ ಯಾವಾಗ, ಫೋನಿಗೆ ಮೊದಲೋ, ಕುಣಿದ ಮೇಲೋ?

ಇವತ್ತು ರಜ ಹಾಕಿ ಮಗಳ ಮೂಗು ಕಾಯುತ್ತ ಕೂತಿದ್ದಾಳೆ. ಅಲ್ಲಿ ಈಜುಕೊಳದ ಮಾಡಿಗೆ ತೊಲೆ ಏರುವ ಹೊತ್ತು.

"ಫೋನು ಮಾಡಿ ನಿಲ್ಲಿಸೋಕೆ ಹೇಳಿಬಿಡು, ಅದಕ್ಕೇನಂತೆ?" ಎಂದರು ಅತ್ತೆ.

"ತೊಲೆ ಏರಿಸೋ ಮೇಸ್ತ್ರಿ ನನ್ನ ನಂಬರಿಗೆ ಆಂಬುಲೆನ್ಸ್ ಸದ್ದು ಇಟ್ಟುಕೊಂಡಿದ್ದಾನೆ ಅತ್ತೆ."

ಸುಳ್ಳಲ್ಲ. ಅಂಟು ಒಣಗಿಲ್ಲವೆಂದು ಒಮ್ಮೆ ದಾರಿಯಲ್ಲಿದ್ದ ಲಾರಿಯನ್ನೇ ವಾಪಸ್ ಕರೆಸಿದ್ದಳು, ಅಂಟು ಕಲ್ಲಾಗಿತ್ತು. ಇನ್ನೊಮ್ಮೆ ಬೋಲ್ಟು ಕಡಿಮೆ ಬಿದ್ದಿದೆ ಎಂದು ಕ್ರೇನು ನಿಲ್ಲಿಸಿದ್ದಳು. ಬೋಲ್ಟು ಅವಳ ಚೀಲದಲ್ಲೇ ಇತ್ತು. ಇನ್ನೊಂದು ಸಲ ಹೀಗಾದರೆ ನಿಮ್ಮನ್ನು ಅಂಟಿನಿಂದ ಬಿಡಿಸಿ ಆಫೀಸಿನ ಕುರ್ಚಿಗೆ ಅಂಟಿಸುತ್ತೇನೆ ಎಂದು ಮಾಲೀಕರು ನಗುತ್ತಲೇ ಹೇಳಿದ್ದರು. ಆ ನಗು ಅವಳಿಗೆ ಸರಿಬಂದಿರಲಿಲ್ಲ. ಆ ಕೆಲಸ ಬಿಟ್ಟರೆ ಅವಳಿಗೆ ಉಸಿರೇ ಕಟ್ಟುತ್ತದೆ.

ಅಷ್ಟರಲ್ಲಿ ಮಗಳು ಪೌಡರ್ ಡಬ್ಬಿ ಬೋರಲು ಹಾಕಿ, ಅದರಲ್ಲೇ ಹೆಜ್ಜೆಯಿಟ್ಟು ಮನೆಯುದ್ದಕ್ಕೂ ಓಡಿದಳು. ಒದ್ದೆ ಬಟ್ಟೆ ಹಿಡಿದು ಒರೆಸಲು ಬಗ್ಗಿದವಳು ಹಾಗೇ ನಿಂತಳು. ಬಟ್ಟೆ ಪೌಡರಿನ ಒಂದು ಪುಟ್ಟ ಹೆಜ್ಜೆಗುರುತನ್ನು ಅಡ್ಡಕ್ಕೆ ಸೀಳಿತ್ತು.

ನಿನ್ನೆಯೂ ಹೀಗೇ ಆಗಿತ್ತು. ಕುಂಚ ಯಾರದೋ ಬೂಟಿನ ಗುರುತಿನ ಮೇಲೆ ಹಾದು, ಧೂಳು ಹತ್ತಿ, ಬಣ್ಣ ತರಿತರಿಯಾಗಿತ್ತು. ಬೂಟು ಬೀಳುವುದು ಕುಣಿಯುವಾಗ. ಕುಣಿಯುವುದು ಬೆನ್ನಿನ ಮೇಲೆ.

"ಮಗೂನ ಹಿಡ್ಕೊಳ್ಳಿ ಅತ್ತೆ" ಎಂದು ಅವಳು ಫೋನು ಒತ್ತಿದಳು.

"ಹೇಳಿ ಅಂಟಮ್ಮ, ಇವತ್ತು ಏನು, ಮರಕ್ಕೆ ನೆಗಡಿಯಾ?"

"ತೊಲೆ ಎಲ್ಲಿದೆ ಅಣ್ಣಾ?"

"ಗಾಳೀಲಿ ತೂಗ್ತಾ ಇದೆ. ನಿಮ್ಮ ಗೆರೆ ಕೆಳಕ್ಕೆ, ಕರೆಕ್ಟಾಗಿ."

"ಇಳಿಸಿ. ಗೆರೆ ಎಳೆದಿರೋದು ಬೆನ್ನಿಗೆ."

"ಖಂಡಿತಾನಾ? ಬೋಲ್ಟಿನಷ್ಟು ಖಂಡಿತಾನಾ?"

"ಗೆರೆ ಪಕ್ಕದಲ್ಲಿ ಸಣ್ಣದೊಂದು ತೂತು ಕೊರೀರಿ. ಕಪ್ಪು ಪುಡಿ ಬಂದ್ರೆ ನಾನು ನಾಳೆಯಿಂದ ಕುರ್ಚಿ ಮೇಲೆ ಕೂತ್ಕೋತೀನಿ."

ಆ ಕಡೆ ಯಾರೋ ಗೊಣಗಿದರು. ಕ್ರೇನು ಕಿರುಗುಟ್ಟಿತು. ಇವಳು ಸೋಫಾದ ಸುತ್ತ ಸುತ್ತತೊಡಗಿದಳು, ಮಗಳು ಆಟವೆಂದುಕೊಂಡು ಹಿಂದೆ ಬಂದಳು, ಮಗಳನ್ನು ಹಿಡಿಯಲು ಅತ್ತೆ ಬಂದರು. ಡ್ರಿಲ್ಲು ಗುಂಯ್‌ಗುಟ್ಟಿ ನಿಂತಿತು.

"ಏನು ಬಂತು ಅಣ್ಣಾ?"

"ಪುಡಿ."

"ಯಾವ ಬಣ್ಣ?"

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಮರದ್ದೇ ಬಣ್ಣ. ಇನ್ನೂ ಆಳಕ್ಕೆ ಹೋದ್ರೂ ಮರಾನೇ." ನಂತರ ಫೋನಿನಿಂದ ಬಾಯಿ ತಿರುಗಿಸಿ, "ಮಗುಚ್ರಪ್ಪಾ ತೊಲೇನ" ಎಂದು ಕೂಗಿದ್ದು ಕೇಳಿಸಿತು.

ಅವಳಿಗೆ ನಗು ಬಂತು, ಬಿಕ್ಕಳಿಕೆಯೂ ಬಂತು, ಎರಡೂ ಒಟ್ಟಿಗೇ.

"ಅಂಟಮ್ಮ, ಬೇರೆ ಏನಾದ್ರೂ ಭಯ ಇದ್ರೆ ಈಗ್ಲೇ ಹೇಳ್ಬಿಡಿ" ಎಂದ ಮೇಸ್ತ್ರಿ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ತೊಲೆ ಇನ್ನೂ ಕೆಳಗೇ ಇದೆ."

"ಭಯಾನಾ? ಬೇಕಾದಷ್ಟಿದೆ ಅಣ್ಣಾ" ಎಂದಳು ಅವಳು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು. "ನೀವೂ ಎಲ್ಲಾದ್ರೂ ಕೂತ್ಕೊಳ್ಳಿ."