ಶೆಟಗೆವ್ವನ ನಗು

ತಾವರಗೇರಾದ ಆಸುಪಾಸಿನ ಹಳ್ಳಿಗಳಲ್ಲಿ ಮಾರೆವ್ವನ ಕೈಗೆ ಬೀಳದೆ ಭೂಮಿಗೆ ಬಂದ ಕೂಸುಗಳು ಕಡಿಮೆ. ನಿಜಾಮರ ಸರಕಾರದ ಕಾಲ. ದವಾಖಾನೆ ಎಂಬುದು ಎಲ್ಲೋ ಇದೆಯಂತೆ ಎಂದು ಕೇಳಿದವರಿದ್ದರು, ಕಂಡವರಿರಲಿಲ್ಲ. ಬೇನೆ ಶುರುವಾದರೆ ಮಾರೆವ್ವನ ಮನೆಗೇ ಓಡಬೇಕು. ಅವಳೂ ಏನು ಕಡಿಮೆಯವಳಲ್ಲ. ಬೇನೆ ತಿನ್ನುವವಳನ್ನು ಬೈದು, ಬಾಗಿಲಲ್ಲಿ ಇಣುಕುವ ಗಂಡನನ್ನು ಬೈದು, ಕೊನೆಗೆ ಹೊಟ್ಟೆಯೊಳಗಿನ ಕೂಸನ್ನೂ ಬೈದು ಹೊರಗೆ ಕರೆಯುವ ಗಟ್ಟಿಗಿತ್ತಿ.

ಅವಳ ಸೊಂಟದ ಚೀಲದಲ್ಲಿ ಒಂದು ಕುಡುಗೋಲು. ಅತ್ತೆ ಸಣ್ಣವ್ವ ಸಾಯುವಾಗ ಕೈಗಿತ್ತದ್ದು. ಹೊಕ್ಕುಳಬಳ್ಳಿ ಕೊಯ್ಯಲು ಮಾತ್ರ ಅದು. ಕೊಯ್ದ ಮೇಲೆ ತೊಳೆಯುವಂತಿಲ್ಲ. ತೊಳೆದರೆ ಶೆಟಗೆವ್ವ ಮುನಿಯುತ್ತಾಳೆ ಎಂದು ಸಣ್ಣವ್ವ ಹೇಳಿಕೊಟ್ಟಿದ್ದಳು. ಹುಟ್ಟಿದ ಕೂಸಿನ ಹಣೆಬರಹ ಬರೆಯಲು ಐದನೆಯ ದಿನ ಬರುವ ತಾಯಿ ಶೆಟಗೆವ್ವ. ಅಲ್ಲಿಯವರೆಗೆ ಕುಡುಗೋಲು ಬಾಣಂತಿಯ ತಲೆದೆಸೆಯಲ್ಲಿ ಇರಬೇಕು. ಅರಿಷಿಣ ಕುಂಕುಮ ಏರಿಸಿ ಪೂಜೆ ಮುಗಿಸಿದ ಮೇಲೆ ಹಾಗೆಯೇ ಚೀಲಕ್ಕೆ ಸೇರಬೇಕು. ಕೊಯ್ದ ಹೊಕ್ಕುಳಿಗೆ ಕೊಟ್ಟಿಗೆಯ ಸಗಣಿ, ಬೂದಿ. ಅತ್ತೆ ಮಾಡಿದ್ದನ್ನೇ ಸೊಸೆಯೂ ಮಾಡಿಕೊಂಡು ಬಂದಳು.

ಆದರೆ ಕೆಲವು ಕೂಸುಗಳು ನಗುತ್ತಿದ್ದವು.

ಎಳೆಗೂಸು ನಿದ್ದೆಯಲ್ಲಿ ನಕ್ಕರೆ ಶೆಟಗೆವ್ವ ನಗಿಸುತ್ತಾಳೆ ಎನ್ನುವುದುಂಟು; ಅದನ್ನು ಕಂಡು ಮನೆಮಂದಿಯೂ ನಗುತ್ತಾರೆ. ಈ ನಗು ಅದಲ್ಲ. ವಾರ ತುಂಬುವ ಹೊತ್ತಿಗೆ ಕೂಸು ಮೊಲೆ ಬಿಡುತ್ತಿತ್ತು. ದವಡೆ ಬಿಗಿಯುತ್ತಿತ್ತು. ತುಟಿಯ ಎರಡೂ ಕೊನೆ ಹಿಂದಕ್ಕೆ ಎಳೆದು, ಹುಬ್ಬು ಮೇಲೇರಿ, ಮುಖದ ತುಂಬ ನಗು ಬಂದು ಅಲ್ಲೇ ನಿಂತುಬಿಡುತ್ತಿತ್ತು. ಯಾರಾದರೂ ಬಾಗಿಲು ಸರಿಸಿದರೆ ಸಾಕು, ಮೈ ಬಿಲ್ಲಿನಂತೆ ಬಾಗುತ್ತಿತ್ತು. ನಗು ಮಾತ್ರ ಅಳಿಯುತ್ತಿರಲಿಲ್ಲ. ಮಣ್ಣು ಮಾಡುವಾಗಲೂ ಅದು ಮುಖದ ಮೇಲೇ ಇರುತ್ತಿತ್ತು. ಶೆಟಗೆವ್ವ ತಾಯಿ ನಗಿಸುತ್ತ ಕರೆದೊಯ್ದಳು ಎಂದು ಜನ ಸುಮ್ಮನಾಗುತ್ತಿದ್ದರು.

ಮಾರೆವ್ವನ ಮಗಳು ಕಳಕಮ್ಮನ ಎರಡು ಕೂಸುಗಳೂ ಹೀಗೆಯೇ ನಗುತ್ತ ಹೋದವು. ಮೂರನೆಯ ಸಲ ಬಸುರಿಯಾಗಿ ತವರಿಗೆ ಬಂದವಳು ಒಂದು ಮಧ್ಯಾಹ್ನ ಗೋಡೆಗೆ ಒರಗಿ ಕೂತು ಹೇಳಿದಳು: "ಅವ್ವಾ, ಈ ಸಲ ನೀ ನನ್ನ ಮುಟ್ಟಬ್ಯಾಡ."

"ಯಾಕವ್ವಾ? ಏನಾತು?"

"ನಿನ್ನ ಹಿಂದ ಯಾರೋ ಬರ್ತಾರಂತ. ಊರಾಗ ಎಲ್ಲಾರೂ ಅಂತಾರ. ನಾನೂ ನೋಡೀನಿ. ನೀ ಒಳಗ ಬಂದ ಮ್ಯಾಲೆ ಬಾಗಲಾ ಇನ್ನೊಮ್ಮಿ ಸರಿತೈತಿ."

ಮಾರೆವ್ವನಿಗೆ ಸಿಟ್ಟು ನೆತ್ತಿಗೇರಿತು. ಚೀಲ ಸಿಕ್ಕಿಸಿಕೊಂಡು ಉರಿಬಿಸಿಲಲ್ಲಿ ಹೊರಟೇಬಿಟ್ಟಳು. ಎಲ್ಲಿಗೆಂದು ಅವಳಿಗೂ ಗೊತ್ತಿರಲಿಲ್ಲ. ಜೋಳ ಕೊಯ್ದ ಹೊಲದಲ್ಲಿ ಕೂಳೆ ತುಳಿಯುತ್ತ ಹೋಗುವಾಗ ಹಿಂದೆಯೂ ಯಾರೋ ಕೂಳೆ ತುಳಿದ ಸದ್ದು. ನಿಂತಳು. ಅದೂ ನಿಂತಿತು. ತಿರುಗಿದರೆ ಬಯಲು, ಬಿಸಿಲು, ಒಂದು ಹಕ್ಕಿಯೂ ಇಲ್ಲ. ನೂರಾರು ಹೆರಿಗೆ ಕಂಡ ಹೆಂಗಸು ಆ ಹಗಲಿನಲ್ಲಿ ಓಡತೊಡಗಿದಳು.

ಕುರಿಹಟ್ಟಿ ಕಂಡಾಗ ಜೀವ ಬಂದಂತಾಯಿತು. ಅಲ್ಲಿ ಕುರುಬರ ಹುಲಗಮ್ಮ ಕೂಸಿಗೆ ಮೊಲೆಯೂಡುತ್ತ ಕೂತಿದ್ದಳು. ಸುತ್ತ ಅವಳವೇ ನಾಲ್ಕಾರು ಮಕ್ಕಳು, ಒಂದಕ್ಕೊಂದು ಬಡಿದಾಡುತ್ತ.

"ಇದನ್ನ ಹಡದಾಗ ನನ್ನ ಕರೀಲಿಲ್ಲಲ್ಲ?"

"ಅಡವ್ಯಾಗ ಯಾರನ್ನ ಕಳಸಲಿ ಯಕ್ಕಾ? ಜ್ವಾಳದ ಹಸಿ ದಂಟು ಸೀಳಿ, ಅದರ ಸಿಪ್ಪಿಲೆ ನಾನ ಕೊಯ್ಕೊಂಡೆ. ಎಲ್ಲಾ ಮಕ್ಕಳಿಗೂ ಹಂಗ ಮಾಡೀನಿ."

"ಸಗಣಿ, ಬೂದಿ ಹಚ್ಚಲಿಲ್ಲೇನು?"

"ಅಡವ್ಯಾಗ ಕೊಟ್ಟಗಿ ಎಲ್ಲಿಂದ ತರ್ಲಿ? ಏನೂ ಹಚ್ಚಲಿಲ್ಲ."

"ವಾರದಾಗ ಯಾವುದೂ ನಗಲಿಲ್ಲೇನು?"

ಹುಲಗಮ್ಮನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ನಗತಾವ. ಆಮ್ಯಾಲೆ ಅಳತಾವ."

ಮಾರೆವ್ವ ಅಲ್ಲೇ ನೆಲದ ಮೇಲೆ ಕೂತಳು. ಚೀಲದಿಂದ ಕುಡುಗೋಲು ತೆಗೆದು ಮೊದಲ ಸಲ ಬಿಸಿಲಿಗೆ ಹಿಡಿದು ನೋಡಿದಳು. ಹಲ್ಲುಗಳ ಸಂದಿಯಲ್ಲಿ ಕಪ್ಪಗೆ ಗಟ್ಟಿಯಾದದ್ದು ಕೂತಿತ್ತು. ಯಾವ ಮನೆಯ ರಕ್ತವೋ, ಯಾವ ಕೊಟ್ಟಿಗೆಯ ಸಗಣಿಯೋ. ಅವಳೂ ಕುಡುಗೋಲೂ ಹೋಗದ ಕಡೆ ಆ ನಗು ಹೋಗಿರಲಿಲ್ಲ. ಹಿಂದೆ ಬರುತ್ತಿದೆ ಎಂದುಕೊಂಡದ್ದು ಹಿಂದೆ ಇರಲೇ ಇಲ್ಲ. ಅವಳ ಸೊಂಟದಲ್ಲೇ ಇತ್ತು.

ಅಗಸರು ಹೆರಿಗೆಯ ಬಟ್ಟೆಯನ್ನು ಕುದಿಸದೆ ಒಗೆಯುವುದಿಲ್ಲ. ಬಟ್ಟೆಗೆ ಬೇಕಾದದ್ದು ಕಬ್ಬಿಣಕ್ಕೆ ಬೇಡವೇ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಮನೆಗೆ ಬಂದು ಕುಡುಗೋಲನ್ನು ಮರಳು ಹಾಕಿ ತಿಕ್ಕಿದಳು, ನೀರಿಗೆ ಹಾಕಿ ಕುದಿಸಿದಳು. ಗುಳ್ಳೆಗಳ ಸದ್ದಿನಲ್ಲಿ ಅತ್ತೆ ಶಪಿಸಿದಂತೆ ಕೇಳುತ್ತಿತ್ತು. ಮಾರೆವ್ವ ಕೈ ಹಿಂದೆಗೆಯಲಿಲ್ಲ; ಕುದಿಸುತ್ತಲೇ ಇದ್ದಳು.

ಕಳಕಮ್ಮನಿಗೆ ಬೇನೆ ಬಂದಾಗ ಹೊಸ್ತಿಲಲ್ಲಿ ನಿಂತು ಹೇಳಿದಳು: "ಇವತ್ತ ನಾ ಒಬ್ಬಾಕೀನ ಬಂದೀನಿ ಮಗಳ. ಹಿಂದ ಯಾರೂ ಇಲ್ಲ." ಆ ಸಲ ಸಗಣಿಯನ್ನೂ ಬೂದಿಯನ್ನೂ ಒಳಗೆ ಬಿಡಲಿಲ್ಲ.

ವಾರ ತುಂಬಿದ ದಿನ ಕೂಸು ನಿದ್ದೆಯಲ್ಲಿ ನಕ್ಕಿತು. ಕಳಕಮ್ಮ ಚೀರಿದಳು. ಮಾರೆವ್ವ ಬೆರಳನ್ನು ಕೂಸಿನ ತುಟಿಗೆ ಇಟ್ಟಳು. ತುಟಿ ಬಿಚ್ಚಿತು. ಕೂಸು ಬೆರಳನ್ನು ಚಪ್ಪರಿಸಿತು, ಹಾಲು ಬರಲಿಲ್ಲವೆಂದು ಮನೆ ಹಾರಿಹೋಗುವಂತೆ ಅತ್ತಿತು. ತಾಯಿ ಮಗಳಿಬ್ಬರೂ ಅದರ ಜೊತೆ ಅತ್ತರು.

ಆಮೇಲೆ ಅವಳ ಕೈಯಲ್ಲಿ ಯಾವ ಕೂಸೂ ಹಾಗೆ ನಗಲಿಲ್ಲ. ಶೆಟಗೆವ್ವ ಶಾಂತಳಾದಳು ಎಂದು ಊರು ಕಾಯಿ ಒಡೆಯಿತು. ಮಾರೆವ್ವ ಬಾಯಿ ಮುಚ್ಚಿಕೊಂಡಿದ್ದರೆ ಹೆಸರೂ ಉಳಿಯುತ್ತಿತ್ತು, ಹೊಟ್ಟೆಯೂ ತುಂಬುತ್ತಿತ್ತು. ಆದರೆ ಯಲಬುರ್ಗಾ, ಕುಷ್ಟಗಿ ಕಡೆಯ ಸೂಲಗಿತ್ತಿಯರ ಚೀಲಗಳಲ್ಲೂ ಇಂಥವೇ ಕುಡುಗೋಲುಗಳಿದ್ದವು. ತಾವರಗೇರಾದ ಸಂತೆಯಲ್ಲಿ ಅವರನ್ನೆಲ್ಲ ಕೂಡಿಸಿಕೊಂಡು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸಂತೆಗೆ ಬಂದ ಹೆಂಗಸರೂ ನಿಂತು ಕೇಳಿದರು. ಅವರಲ್ಲಿ ಅಂಗಡಿಯವರ ಸೊಸೆ ಅನ್ನಮ್ಮ ಇದ್ದಳು. ಅವಳ ಚೊಚ್ಚಲ ಗಂಡುಕೂಸನ್ನು ನಗು ಒಯ್ದಿತ್ತು; ಈಗ ಮತ್ತೆ ಬಸುರಿ.

"ಹಂಗಾರ ನನ್ನ ಕೂಸಿನ್ನ ಒಯ್ದಾಕಿ ತಾಯಿ ಅಲ್ಲ," ಎಂದಳು ಅನ್ನಮ್ಮ. "ನೀನು."

"ಹೌದ್ರಿ ಅಮ್ಮಾರ. ನಾನ."

ಹೆಂಗಸರು ಸೆರಗು ಎಳೆದುಕೊಂಡು ದೂರ ಸರಿದರು. ಅಂದಿನಿಂದ ಯಾರ ಮನೆಯಿಂದಲೂ ಕರೆ ಬರಲಿಲ್ಲ. ಎದುರು ಬಂದವರು ದಾರಿ ಬದಲಿಸಿದರು.

ಬೇಸಿಗೆಯ ಒಂದು ಮುಂಜಾನೆ ಅನ್ನಮ್ಮನ ಮನೆಯಿಂದ ಕರೆ ಬಂತು. ಹೋದರೆ ಅವಳು ಮಲಗಿರಲಿಲ್ಲ. ಬೇನೆಗೆ ಕಂಬ ತಬ್ಬಿಕೊಂಡು ಒಲೆಯ ಮುಂದೆ ನಿಂತಿದ್ದಳು. ಕೈ ಚಾಚಿ ಕುಡುಗೋಲು ಇಸಿದುಕೊಂಡು, ಕುದಿಯುವ ನೀರಿಗೆ ತಾನೇ ಹಾಕಿದಳು.

"ನಾ ಸಾಕು ಅನ್ನೂತನಕ ಮುಟ್ಟಬ್ಯಾಡ," ಎಂದಳು.

ಎಲ್ಲರನ್ನೂ ಬೈಯುವ ಮಾರೆವ್ವ ಬೈಯದೆ ಒಲೆಗೆ ಕಟ್ಟಿಗೆ ಸರಿಸಿದಳು. ಬೇನೆಯ ಮೇಲೆ ಬೇನೆ ಬಂತು. ಅನ್ನಮ್ಮ ಹಲ್ಲು ಕಚ್ಚಿ ಆ ನೀರನ್ನೇ ನೋಡುತ್ತ ನಿಂತಳು. ಕೊನೆಗೆ ಕಾಲು ಸೋತಾಗ ಮಾರೆವ್ವನ ಹೆಗಲ ಮೇಲೆ ಮೈಭಾರ ಹಾಕಿ, "ಸಾಕು, ತಗಿ," ಎಂದಳು.