ಗ್ಲೆಂಡಾಳ ಅಟ್ಟಕ್ಕೆ ಒಂದು ಮೆಣಸುಕಾಳು

ಗ್ಲೆಂಡಾ ಪೆಟಿಟ್ ಚಿನ್ನದಂಥ ಹೆಂಗಸು, ಆದರೆ ಕಾಗದಪತ್ರ ಅಂದರೆ ಮಾರು ದೂರ. ಇಂಗ್ಲೆಂಡಿನ ಹೇಸ್ಟಿಂಗ್ಸ್‌ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಒಂದು ಮೇಲ್ಮಹಡಿ ಫ್ಲ್ಯಾಟು ಕೊಂಡಿದ್ದಳು. ಅಲ್ಲಿ ಎಲ್ಲರೂ ಕೊಳ್ಳುವ ಹಾಗೇ, ನೂರಿಪ್ಪತ್ತೈದು ವರ್ಷದ ಗುತ್ತಿಗೆಗೆ. ನೆಲ, ಗೋಡೆ, ಛಾವಣಿಯೆಲ್ಲ ಕೆಳಗಿನ ಫ್ಲ್ಯಾಟಿನಲ್ಲಿದ್ದ ಎಂಬತ್ತನಾಲ್ಕರ ಮುದುಕಿ ಮಿಸ್ ಇನಿಡ್ ಲಾರ್ಕಮ್ ಅವರ ಆಸ್ತಿ.

ಮಂಡಿ ನೋವು ಶುರುವಾದ ಮೇಲೆ ಗ್ಲೆಂಡಾಳಿಗೆ ಒಂದು ಯೋಚನೆ ಹೊಳೆಯಿತು. ಅಟ್ಟವನ್ನು ಪುಟ್ಟ ಮನೆ ಮಾಡಿ ಬಾಡಿಗೆಗೆ ಕೊಟ್ಟರೆ ಕೆಲಸ ಬಿಡಬಹುದಲ್ಲ! "ಅಟ್ಟದ ಬಾಗಿಲು ಇರೋದು ನಮ್ಮನೇಲಿ, ಏಣಿ ನಂದು, ಮೇಲಿರೋ ಕ್ರಿಸ್‌ಮಸ್ ಡಬ್ಬಗಳೂ ನನ್ನವೇ. ಅಟ್ಟ ಮತ್ತಿನ್ಯಾರ್ದು?" ಅಂದಳು. ಯಾರನ್ನೂ ಕೇಳಲಿಲ್ಲ, ಮಹಾರಾಯ್ತಿ. ಫ್ಲ್ಯಾಟು ಅಡವಿಟ್ಟು ಒಂದು ವರ್ಷದ ದುಬಾರಿ ಸಾಲ ತಂದಳು. ಕೆಲಸ ಮುಗಿದ ಮೇಲೆ ಬ್ಯಾಂಕಿನ ದೀರ್ಘಾವಧಿ ಸಾಲ ತೆಗೆದು ಇದನ್ನು ತೀರಿಸುವುದು ಅವಳ ಲೆಕ್ಕಾಚಾರ. ಕೆಲಸಗಾರರು ಛಾವಣಿಯ ಕೊಳೆತ ತೊಲೆ, ಒಡೆದ ಹೆಂಚು ಎಲ್ಲ ಬದಲಾಯಿಸಿ ಕಿಟಕಿ ಕೂರಿಸಿದರು.

ಬ್ಯಾಂಕಿನವನು ನೋಡಲು ಬಂದ. ಗುತ್ತಿಗೆ ಪತ್ರದ ನಕ್ಷೆ ಬಿಡಿಸಿ, "ಮೇಡಂ, ಈ ಕೆಂಪು ಗೆರೆ ನಿಮ್ಮ ಸೀಲಿಂಗಿಗೇ ನಿಲ್ಲತ್ತೆ. ಅಟ್ಟ ನಿಮ್ಮದಲ್ಲ" ಅಂದ.

ಗ್ಲೆಂಡಾ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಟ್ಟ ತನ್ನದಾಗದೆ ಬ್ಯಾಂಕಿನ ಸಾಲವಿಲ್ಲ. ಆ ಸಾಲವಿಲ್ಲದಿದ್ದರೆ ಹತ್ತು ವಾರದಲ್ಲಿ ದುಬಾರಿ ಸಾಲದ ಗಡುವು ಮುಗಿದು ಇದ್ದ ಫ್ಲ್ಯಾಟೂ ಹರಾಜು. ಅವಳ ವಕೀಲೆ ಮಿಸೆಸ್ ಥಕ್ರಾ ಮುಚ್ಚುಮರೆಯಿಲ್ಲದೆ ಹೇಳಿದಳು: "ಕೆಳಗಿನ ಮನೆ ಆಯಮ್ಮ ಎಲ್ಲಾ ಕಿತ್ತುಹಾಕಿ ಅನ್ನಬಹುದು. ಇಲ್ಲಾ ನಲವತ್ತು ಸಾವಿರ ಪೌಂಡ್ ಕೇಳಬಹುದು. ಎರಡಕ್ಕೂ ಹಕ್ಕಿದೆ."

ಎರಡು ವಾರ ಗ್ಲೆಂಡಾ ಕಳ್ಳಿಯ ಹಾಗೆ ಮೆಟ್ಟಿಲಿಳಿದಳು. ಕೊನೆಗೆ ನಿಂಬೆ ಕೇಕು ಹಿಡಿದು ಮಿಸ್ ಲಾರ್ಕಮ್ ಅವರ ಬಾಗಿಲು ತಟ್ಟಿದಳು, ತಪ್ಪನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

"ನಾಲ್ಕು ತಿಂಗಳು ತಲೆ ಮೇಲೆ ಸುತ್ತಿಗೆ ಬಡಿದ್ರೆ ನಂಗೆ ಕೇಳ್ಸಲ್ವೇನೇ? ನಾನೇನು ಕಿವುಡೀನಾ?"

"ಮತ್ತೆ ಯಾಕೆ ಬೈಲಿಲ್ಲ, ಮಿಸ್ ಲಾರ್ಕಮ್?"

ಮುದುಕಿ ಚಹಾ ಬಗ್ಗಿಸಿದಳು. "ಹೆದರ್ಕೊಂಡಿದ್ದೆ ಕಣೇ. ಛಾವಣಿ ರಿಪೇರಿ ನನ್ನ ಹೊಣೆ, ಗುತ್ತಿಗೇಲೇ ಬರೆದಿದೆ. ನಾಲ್ಕು ವರ್ಷದಿಂದ ಸೋರ್ತಿತ್ತು, ನನ್ನ ಹತ್ರ ದುಡ್ಡಿರಲಿಲ್ಲ. ನೀನು ಮೆಟ್ಟಿಲಿಳಿದಾಗೆಲ್ಲ ಪರದೆ ಎಳ್ಕೊಂಡು ಒಳಗೆ ಅಡಗ್ತಿದ್ದೆ. ನೀನೇ ರಿಪೇರಿ ಮಾಡ್ಸಿಬಿಟ್ಟೆ, ಪುಣ್ಯಾತ್ಗಿತ್ತಿ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒಬ್ಬರಿಗೊಬ್ಬರು ಹೆದರಿ ಒಂದೇ ಮನೆಯಲ್ಲಿ ಅವಿತುಕೊಂಡಿದ್ದರಲ್ಲ, ಎಂಥ ಜನವಪ್ಪಾ!

ಮಿಸ್ ಲಾರ್ಕಮ್ ಅಟ್ಟ ಕೊಟ್ಟಳು. ವರ್ಷಕ್ಕೆ ಒಂದು ಮೆಣಸುಕಾಳು ಬಾಡಿಗೆ, ಅದೂ ಕೇಳಿದರೆ ಮಾತ್ರ. ಬಿಡಿಗಾಸೂ ಬೇಡ ಅಂತ ಕಾನೂನಿನ ಭಾಷೆಯಲ್ಲಿ ಹೇಳುವ ಹಳೇ ರೂಢಿ ಅದು. ಅಷ್ಟರಿಂದಲೇ ಗ್ಲೆಂಡಾಳ ಕಣ್ಣು ತುಂಬಿತ್ತು. ಆದರೆ ಮುದುಕಿ ಅಲ್ಲಿಗೆ ಬಿಡಲಿಲ್ಲ. ಅಟ್ಟ ಸೇರಿಸಿ ಗುತ್ತಿಗೆ ತಿದ್ದಬೇಕು, ಮಾಡಿದ ಕೆಲಸಕ್ಕೆಲ್ಲ ಲಿಖಿತ ಒಪ್ಪಿಗೆ ಇರಬೇಕು, ಕಿಟಕಿ ಎಷ್ಟು ಅಂತ ಕೂಡ ಬರೆಯಬೇಕು, ನೋಂದಣಿ ಆಗಲೇಬೇಕು ಅಂತ ಹಟ ಹಿಡಿದಳು.

"ನಿಮ್ಮ ಮಾತೇ ಸಾಕಲ್ವಾ?" ಅಂದಳು ಗ್ಲೆಂಡಾ.

"ಸಾಲಲ್ಲ. ಸುಮ್ನೆ ಸಹಿ ಹಾಕೇ, ಪೆದ್ದಿ."

ಗ್ಲೆಂಡಾಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಸಹಿಯೇನೋ ಹಾಕಿದಳು. ಗಡುವಿಗೆ ಆರು ದಿನವಿದ್ದಾಗ ಬ್ಯಾಂಕಿನ ಸಾಲ ಬಂತು. ಅಟ್ಟಕ್ಕೊಬ್ಬ ಪೋಸ್ಟ್‌ಮ್ಯಾನ್ ಬಾಡಿಗೆಗೆ ಬಂದ.

ಎರಡು ವರ್ಷಕ್ಕೆ ಮಿಸ್ ಲಾರ್ಕಮ್ ತೀರಿಕೊಂಡಳು. ಕಟ್ಟಡ ಅವಳ ಅಣ್ಣನ ಮಗ ರೋಲಂಡ್ ಪಾಲಾಯಿತು. ಒಂದು ಸಲವೂ ನೋಡಲು ಬಾರದಿದ್ದ ಆ ಮಹಾಶಯ ತಿಂಗಳೊಳಗೆ ಪತ್ರ ಹಾಕಿದ: ಅಟ್ಟ ಖಾಲಿ ಮಾಡಿ, ಇಲ್ಲವೇ ಅರವತ್ತು ಸಾವಿರ ಪೌಂಡ್ ಕಟ್ಟಿ.

ಮಿಸೆಸ್ ಥಕ್ರಾ ಪತ್ರವನ್ನೂ ನೋಂದಾಯಿಸಿದ ಗುತ್ತಿಗೆಯನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿದಳು. ಆಮೇಲೆ ಪತ್ರ ಪಕ್ಕಕ್ಕೆ ಸರಿಸಿದಳು. "ಅವನ ಕೈಲಿ ಏನೂ ಆಗಲ್ಲ. ಒಂದು ಸಂದೂ ಬಿಟ್ಟಿಲ್ಲ ಆಯಮ್ಮ."

ಗ್ಲೆಂಡಾ ಕರವಸ್ತ್ರಕ್ಕೆ ಮುಖ ಒತ್ತಿಕೊಂಡು ಅಲ್ಲೇ ಗೊಳೋ ಅಂತ ಅತ್ತಳು.

"ನನ್ನ ಮೇಲೆ ನಂಬಿಕೆ ಇಲ್ಲ ಅಂದ್ಕೊಂಡು ಎಷ್ಟು ಮುನಿಸ್ಕೊಂಡಿದ್ದೆ ಗೊತ್ತಾ? ಅವ್ರಿಗೆ ನಂಬಿಕೆ ಇಲ್ದೇ ಇದ್ದಿದ್ದು ತಮ್ಮ ಆಯಸ್ಸಿನ ಮೇಲೆ."