ಒಂದೇ ನಂಬರಿನ ಎರಡು ಬಾಕ್ಸು

ಊರವರೆಲ್ಲ ಬಾಕ್ಸ್ ಡಾಕ್ಟರ್ ಎನ್ನುತ್ತಿದ್ದ ಟೀವಿ ಬಾಕ್ಸಿನ ಮೆಕ್ಯಾನಿಕ್ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಐವತ್ತೆರಡು ವರ್ಷ. ಹೃದಯಾಘಾತ. ಹಾಸಿಗೆಯಿಂದ ಎದ್ದಿರಲೇ ಇಲ್ಲ.

ಬಲು ಒಳ್ಳೆಯವನು, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ ಎಂದು ನೋಡಲು ಬಂದವರೆಲ್ಲ ಹೇಳಿದರು. ಮೊದಲನೆಯದು ನಿಜ. ಎರಡನೆಯದು ಸುಳ್ಳು. ತನ್ನ ಅಕ್ಕನ ಗಂಡನಿಗೆ ಅವನು ಆರು ವರ್ಷ ಹಲ್ಲು ಕಚ್ಚಿಕೊಂಡು ಕೆಟ್ಟದ್ದು ಬಯಸಿದ. ಅದೂ ಒಂದು ದಿನ ತಪ್ಪಿಸದೆ.

ಭಾವ, ಮೈದುನ ಸೇರಿ ಮನೆಮನೆಗೆ ಟೀವಿ ಬಾಕ್ಸು ಜೋಡಿಸುವ ಅಂಗಡಿ ನಡೆಸುತ್ತಿದ್ದರು. ಮಾತು ಭಾವನದು, ಕೆಲಸ ಇವನದು. ಆದರೂ ಭಾವ ಆಗಾಗ ಕೈ ಹಾಕುವುದಿತ್ತು. ಒಂದು ಬಾಕ್ಸನ್ನು ಹೊಂದಿಸಿ, ಅದರ ಸೆಟಿಂಗನ್ನು ಪೆನ್‌ಡ್ರೈವಿಗೆ ತುಂಬಿಕೊಂಡು, ಉಳಿದ ಬಾಕ್ಸುಗಳಿಗೆಲ್ಲ ಹಾಗೆಹಾಗೇ ಸುರಿದುಬಿಡುವುದು ಅವನ ಅಭ್ಯಾಸ. ಆದರೆ ಮನೆಯ ವೈಫೈನಲ್ಲಿ ಪ್ರತಿ ಬಾಕ್ಸಿಗೂ ಬೇರೆ ಬೇರೆ ನಂಬರ್ ಇರಬೇಕು. ಎರಡಕ್ಕೂ ಒಂದೇ ನಂಬರ್ ಬಿದ್ದರೆ ಒಂದು ಎದ್ದಾಗ ಇನ್ನೊಂದು ಮಲಗುತ್ತದೆ. ಭಾವ ಸುರಿದು ಬಂದ ಮನೆಗಳಿಗೆ ಮೈದುನ ಹಿಂದಿನಿಂದ ಹೋಗಿ ನಂಬರ್ ಬದಲಿಸಿ ಬರುತ್ತಿದ್ದ. ತುಟಿಪಿಟಕ್ಕೆನ್ನುತ್ತಿರಲಿಲ್ಲ.

ನಲವತ್ತು ಕೋಣೆಗಳ ಲಾಡ್ಜೊಂದರ ಕೆಲಸ ಬಂದ ವಾರ ಇವನಿಗೆ ಜ್ವರ. ಭಾವ ಒಬ್ಬನೇ ಹೋಗಿ ಸುರಿದ. ಒಂದು ಕೋಣೆಯ ಟೀವಿ ಹಾಕಿದರೆ ಇನ್ನೊಂದರದು ಆರತೊಡಗಿತು. ಮಾಲೀಕ ಇಬ್ಬರನ್ನೂ ಕರೆಸಿ, ಕೆಳಗಿನ ಹಜಾರದಲ್ಲಿ, ಪೆಟ್ಟಿಗೆ ಹಿಡಿದು ನಿಂತ ಗಿರಾಕಿಗಳೆದುರು ಕೂಗಾಡಿದ.

"ಇದೆಲ್ಲ ನಮ್ಮ ಮೈದುನನ ಕೈವಾಡ ಸಾರ್," ಎಂದ ಭಾವ. "ಬೇಡ ಬೇಡ ಅಂದ್ರೂ ಹೆಂಡತಿ ಮಾತು ಕೇಳಿ ಇಟ್ಕೊಂಡಿದ್ದೆ. ನಾಳೆಯಿಂದ ಅಂಗಡಿ ಮೆಟ್ಟಿಲು ಹತ್ತಿಸಲ್ಲ."

ಹತ್ತಿಸಲೂ ಇಲ್ಲ. ಇವನು ಬೇರೆ ಅಂಗಡಿ ಹಾಕಿದ. ಭಾವನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡ. ಅದರಿಂದ ಹೊಟ್ಟೆ ತುಂಬಿತು, ಉರಿ ಆರಲಿಲ್ಲ. "ತಪ್ಪು ನಂದು ಅಂತ ಅವನ ಬಾಯಲ್ಲೇ ಬರಬೇಕು. ನಾಲ್ಕು ಜನಕ್ಕೆ ಕೇಳಿಸಬೇಕು," ಎನ್ನುತ್ತಿದ್ದ ಗೆಳೆಯನ ಹತ್ತಿರ. "ಸಾಯೋದ್ರೊಳಗೆ ಹೇಳಿಸ್ತೀನಿ, ನೋಡ್ತಿರು."

ಸಾಯುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಅಕ್ಕನ ಫೋನು ಬಂತು. ಅವರ ತಾಯಿ ಇದ್ದದ್ದು ಅಕ್ಕನ ಮನೆಯಲ್ಲೇ, ಸೊಂಟ ಮುರಿದು ಒಳಕೋಣೆಯ ಮಂಚದ ಮೇಲೆ. ಭಾವ ತಿಂಗಳ ಹಿಂದೆ ಮನೆಗೆ ಎರಡು ಹೊಸ ಬಾಕ್ಸು ಹಾಕಿದ್ದ: ಹಜಾರಕ್ಕೆ ದೊಡ್ಡದು, ಅಮ್ಮನ ಕೋಣೆಗೆ ಅದರ ಕೈಕೆಳಗಿನ ಮರಿ. ಅಂದಿನಿಂದ ಹಜಾರದ ಟೀವಿ ಹಾಕಿದರೆ ಅಮ್ಮನ ಟೀವಿ ಆರಿಹೋಗುತ್ತಿತ್ತು.

"ಗೋಡೆ ದಪ್ಪ, ವೈಫೈ ದಾಟಲ್ಲ ಅಂತಾರೆ ನಿಮ್ಮ ಭಾವ," ಎಂದಳು ಅಕ್ಕ.

"ಗೋಡೆಯಲ್ಲ ದಪ್ಪ ಇರೋದು. ಬಂದೆ ಇರು."

ಆರು ವರ್ಷದ ಮೇಲೆ ಆ ಹೊಸ್ತಿಲು ದಾಟಿದ. ಭಾವ ಸೋಫಾದಿಂದ ಏಳಲಿಲ್ಲ. ಇವನೂ ಅವನ ಮುಖ ನೋಡಲಿಲ್ಲ. ನೇರ ಅಮ್ಮನ ಕೋಣೆಗೆ ಹೋದ.

"ನಿಮ್ಮ ಭಾವ ಟೀವಿ ಮುಂದೆ ಕೂತರೆ ನನ್ನದು ಕಣ್ಣು ಮುಚ್ಚುತ್ತೆ ಕಣೋ," ಎಂದಳು ಅಮ್ಮ.

ನೋಡಿದ. ಅದೇ ಪೆನ್‌ಡ್ರೈವು, ಅದೇ ನಂಬರು. ಎರಡು ನಿಮಿಷದ ಕೆಲಸ. ನಂಬರ್ ಬದಲಿಸಿದ. ಅಷ್ಟಕ್ಕೇ ಎದ್ದು ಬರಬಹುದಿತ್ತು. ಬರಲಿಲ್ಲ. ಹಜಾರದಲ್ಲಿದ್ದ ದೊಡ್ಡ ಬಾಕ್ಸನ್ನು ಭಾವನ ಕಣ್ಣೆದುರೇ ಕಿತ್ತು ತಂದು ಅಮ್ಮನ ಟೀವಿಗೆ ಜೋಡಿಸಿದ. ಅಮ್ಮನ ಮರಿ ಬಾಕ್ಸನ್ನು ಹಜಾರಕ್ಕೆ ಹಾಕಿದ. ದೊಡ್ಡದು ಅನುಮತಿ ಕೊಟ್ಟರೆ ಮಾತ್ರ ಮರಿಗೆ ಚಿತ್ರ. ಮೇಲೊಂದು ನಾಲ್ಕಂಕಿಯ ಬೀಗ ಹಾಕಿ ಅಂಕಿಗಳನ್ನು ಅಮ್ಮನ ಕಿವಿಯಲ್ಲಿ ಹೇಳಿದ.

"ಮರೆತುಬಿಟ್ರೆ?"

"ಇನ್ನೂ ಒಳ್ಳೇದು."

ಸಂಜೆ ಕ್ರಿಕೆಟ್ ಪಂದ್ಯ. ಇವನು ಅಮ್ಮನ ಮಂಚದ ಪಕ್ಕದಲ್ಲೇ ಕೂತಿದ್ದ. ನೋಡಲು ಪಕ್ಕದ ಮನೆಯ ಅಣ್ಣತಮ್ಮಂದಿರೂ, ಎದುರು ಮನೆಯ ಟೈಲರೂ ಬಂದು ಕೂತಿದ್ದರು. ಹಜಾರದ ಟೀವಿ ಬೀಗದ ಅಂಕಿ ಕೇಳಿತು. ಭಾವ ಒಳಕೋಣೆಯ ಬಾಗಿಲಿಗೆ ಬಂದು ನಿಂತ.

"ಏನೋ ಇದು? ಬೀಗದ ನಂಬರ್ ಹೇಳು."

"ನಂಗೊತ್ತಿಲ್ಲ ಭಾವ. ಅಮ್ಮನ್ನ ಕೇಳಿ. ಸ್ವಲ್ಪ ಜೋರಾಗಿ, ಕಿವಿ ಮಂದ."

ಅಮ್ಮನ ಕಿವಿಗೆ ಏನೂ ಆಗಿರಲಿಲ್ಲ.

"ಅತ್ತೆ, ನಂಬರು..."

"ಏನಾಗಿತ್ತು ಅಳಿಯಂದಿರೇ ನನ್ನ ಟೀವಿಗೆ?"

"ಎರಡಕ್ಕೂ ಒಂದೇ ನಂಬರ್ ಬಿದ್ದಿತ್ತು."

"ತಾನಾಗೇ ಬಿತ್ತಾ?"

ಹಜಾರದಲ್ಲಿದ್ದವರು ಇತ್ತ ಕತ್ತು ಚಾಚಿದರು. ಭಾವ ಮೈದುನನ ಕಡೆ ನೋಡಿದ. ಮೈದುನ ಸ್ಕ್ರೂಡ್ರೈವರಿನಿಂದ ಉಗುರಿನ ಮಣ್ಣು ತೆಗೆಯುತ್ತಿದ್ದ.

"ನಾನು ಹಾಕಿದ್ದು."

"ಕೇಳಿಸ್ಲಿಲ್ಲ," ಎಂದಳು ಅಮ್ಮ.

"ನಾನು! ನಾನೇ ಹಾಕಿದ್ದು! ತಪ್ಪು ನಂದು!"

"ಹಾಗಾದ್ರೆ ಲಾಡ್ಜಿಂದು?" ಎಂದಿತು ಹಜಾರದಿಂದ ಟೈಲರನ ದನಿ. ಅಣ್ಣತಮ್ಮಂದಿರು ಕಿಸಕ್ಕನೆ ನಕ್ಕರು.

"ಅದೂನು," ಎಂದ ಭಾವ. ಕಿವಿ ಕೆಂಪಾಗಿತ್ತು.

ಅಮ್ಮ ಅಂಕಿ ಹೇಳಲು ಬಾಯಿ ತೆರೆದಳು. ಮಗ ಅವಳ ಮೇಲೆ ಬಾಗಿದ.

"ಇವತ್ತು ಹೇಳ್ಬೇಡಮ್ಮ. ನಾಳೆ ಹೇಳು," ಎಂದು, ರಿಮೋಟನ್ನು ಅವಳ ದಿಂಬಿನಡಿ ತುರುಕಿ, ಭಾವನ ಪಕ್ಕದಿಂದಲೇ ಹಾದು ಹೊರಟುಹೋದ.